ಹಾಲೆರೆದ ದಿನದ ಸೂತಕ

ಅಕ್ಕನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಅದನ್ನು ಅಚ್ಚು ಹಾಕಿದ್ದೇನೆ, ಅರಿಶಿನ ಬಣ್ಣದ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ. ಅದರಿಂದ ಆದದ್ದು ಸಾಕು. ಮೊನ್ನೆ ಚೌತಿಯ ಬೆಳಿಗ್ಗೆ ಬೀಜಾಡಿಯ ಕಡಲಬದಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಅರವತ್ತಾರೋ ಅರವತ್ತೇಳೋ ಆಗಿತ್ತು. ಪ್ರಾಯ ಕೇಳಿದರೆ "ನಾ ಹುಟ್ಟದ್ ದೊಡ್ಡ್ ನೆರಿ ಬಂದ್ ವರ್ಷ" ಎನ್ನುತ್ತಿದ್ದರು. ಯಾವ ನೆರೆ ಎಂದು ಊರಲ್ಲಿ ಯಾರಿಗೂ ನೆನಪಿಲ್ಲ.

ಕೋಟೇಶ್ವರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರು ಏನು ಹಬ್ಬ ಮಾಡಿದರೂ ಅದರ ಆಮಂತ್ರಣ ಮೊದಲು ಬರುವುದು ನನ್ನ ಮೇಜಿಗೆ, ದೇವರಿಗೂ ಆಮೇಲೆ. ಹಾಗೆಂದು ನನಗೆ ಹಬ್ಬ ಇಷ್ಟ ಎಂದುಕೊಳ್ಳಬೇಡಿ. ಮೈಕ್ ಕಂಡರಾಗದ ಮನುಷ್ಯ ನಾನು. "ಸರ್ವರಿಗೂ ಆದರದ ಸ್ವಾಗತ" ಎಂದು ದಿನಕ್ಕೆ ಹತ್ತು ಸಲ ಜೋಡಿಸಿ ಜೋಡಿಸಿ, ನನ್ನ ಮನೆಗೆ ಯಾರಾದರೂ ಬಂದರೆ ಬನ್ನಿ ಎನ್ನಲೂ ಬೇಜಾರು ಬರುವಷ್ಟಾಗಿತ್ತು.

ಅಕ್ಕ ನನ್ನ ಅಂಗಡಿಯ ಎದುರಿನ ರಸ್ತೆಬದಿಯಲ್ಲಿ ದೊಡ್ಡ ಛತ್ರಿಯಡಿ ಕೂತು ಮೀನು ಮಾರುತ್ತಿದ್ದರು. ಸೋಮವಾರ ಅರ್ಧ ಊರು ಮೀನು ತಿನ್ನುವುದಿಲ್ಲ. ಹಾಗಾಗಿ ಅವತ್ತು ಹತ್ತು ಗಂಟೆಗೆಲ್ಲ ಬುಟ್ಟಿ ಮಗುಚಿಟ್ಟು, ನನ್ನ ಅಂಗಡಿಯ ಹಿಂದಿನ ನಲ್ಲಿಯಲ್ಲಿ ಮೊಣಕೈವರೆಗೆ ಸಾಬೂನು ಉಜ್ಜಿ ಕೈ ತೊಳೆಯುತ್ತಿದ್ದರು. ಕೈಯನ್ನು ಮೂಗಿಗೆ ಹಿಡಿದು ನೋಡಿ, ಮುಖ ಸಿಂಡರಿಸಿ, ಇನ್ನೊಮ್ಮೆ ತೊಳೆದು, ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದರು.

"ಹ್ವಾಯ್ ಪ್ರೆಸ್ಸಿನವ್ರೆ, ಈ ವಾರ ಎಲ್ಲೆಲ್ಲ್ ಎಂತೆಂತ ಇತ್ತ್?"

ಓದು ಅವರಿಗೆ ಅಷ್ಟಕ್ಕಷ್ಟೆ. ನಾನು ಆ ವಾರದ ಕಾಗದಗಳನ್ನೆಲ್ಲ ಓದಿ ಹೇಳಬೇಕು, ಅವರು ಬೆರಳಿನ ಗೆಣ್ಣು ಎಣಿಸಿಕೊಳ್ಳಬೇಕು. ಅಧ್ಯಕ್ಷರು, ಮುಖ್ಯ ಅತಿಥಿಗಳು ಎಂದು ಶುರು ಮಾಡಿದರೆ ಬೈಗುಳ. "ಅವ್ರದ್ದೆಲ್ಲ ಬಿಡಿ, ಅವ್ರ್ ಬಂದ್ ಮಾತಾಡಿ ಹೋತ್ರ್. ಆಟೋಟ ಇತ್ತಾ, ಊಟ ಇತ್ತಾ, ಅಷ್ಟ್ ಹೇಳಿ." ಇಷ್ಟು ಕೇಳಿದ ಮೇಲೆ ಒಬ್ಬರೇ ಹೋಗುವುದು ಹೇಗೆ, ನನ್ನ ಸ್ಕೂಟರಿದೆಯಲ್ಲ! ಬೇಡ ಬೇಡ ಎನ್ನುತ್ತಲೇ ಹದಿನಾಲ್ಕು ವರ್ಷ ನಾನು ಅವರ ಸಾರಥಿಯಾದೆ. ನನ್ನ ಹೆಂಡತಿ "ನಿಮ್ಮನ್ನು ದೇವರು ಕರೆದರೂ ಹೋಗುವವರಲ್ಲ, ಅಕ್ಕ ಕರೆದರೆ ಹೋಗ್ತೀರಿ" ಎಂದು ನಗುತ್ತಿದ್ದಳು.

ಅವರ ವರ್ಷ ಶುರುವಾಗುವುದು ಆಸಾಡಿ ಅಮಾಸೆಗೆ, ಮರವಂತೆಯ ಕಡಲಲ್ಲಿ ಮುಳುಗು ಹಾಕಿದ ಮೇಲೆ. ದಿನಾ ಕಡಲ ಬುಡದಲ್ಲೇ ಏಳುವವರಿಗೆ ಅಷ್ಟು ದೂರ ಹೋಗಿ ಮೀಯುವ ಹುಚ್ಚು ಯಾಕೆ ಎಂದು ಒಮ್ಮೆ ಕೇಳಿದೆ. "ಮನಿ ಬಾಗ್ಲಂಗೆ ಮಿಂದ್ರೆ ಸ್ನಾನ, ಜನದ್ ಒಟ್ಟಿಗ್ ಮಿಂದ್ರೆ ಹಬ್ಬ" ಎಂದರು. ಮೂಗು ಹಿಡಿದು ಮೂರು ಮುಳುಗು ಹಾಕಿ ಮೇಲೆ ಬಂದು, ಪಕ್ಕದಲ್ಲಿದ್ದ ಯಾರೋ ಮದುಮಕ್ಕಳಿಗೆ ಹೇಗೆ ನಿಲ್ಲಬೇಕು, ಅಲೆ ಬಂದಾಗ ಎತ್ತ ತಿರುಗಬೇಕು ಎಂದು ಪಾಠ ಮಾಡುತ್ತಿದ್ದರು. ನಾನು ಮಳೆಯಲ್ಲಿ ಕೊಡೆ ಹಿಡಿದು ದಡದಲ್ಲಿ ನಿಂತು ಸೀನುತ್ತಿದ್ದೆ.

ಬಿಜೂರಿನ ಕೆಸರುಗದ್ದೆ ಆಟಕ್ಕೆ ಹೋದದ್ದನ್ನು ಹೇಳಬೇಕು. ಹೆಂಗಸರ ಹಗ್ಗಜಗ್ಗಾಟಕ್ಕೆ ಒಂದು ತಂಡದಲ್ಲಿ ಒಬ್ಬರು ಕಮ್ಮಿ. ಮೈಕಿನವನು ಕೂಗುವ ಮೊದಲೇ ಅಕ್ಕ ಸೀರೆಯನ್ನು ಕಚ್ಚೆ ಹಾಕಿ ಗದ್ದೆಗೆ ಇಳಿದಾಗಿತ್ತು. ಆಗ ಅವರಿಗೆ ಐವತ್ತೈದರ ಹತ್ತಿರ. ಹಗ್ಗದ ಕೊನೆಯನ್ನು ಸೊಂಟಕ್ಕೆ ಸುತ್ತಿ, ಬಲೆ ಎಳೆದ ಕಾಲು ಊರಿ ನಿಂತರು ನೋಡಿ, ಎದುರಿನ ಎಂಟು ಜನರಿಗೆ ಅಲ್ಲಾಡಿಸಲಾಗಲಿಲ್ಲ. ಗೆದ್ದಾದ ಮೇಲೆ ಹಗ್ಗ ಬಿಡಲು ಮರೆತು ಅಂಗಾತ ಬಿದ್ದರು. ಕಿವಿ, ಬಾಯಿ, ತುರುಬು ಎಲ್ಲ ಕೆಸರು. ಬಿದ್ದಲ್ಲೇ ಮಲಗಿ ಆಕಾಶ ನೋಡಿಕೊಂಡು ನಕ್ಕದ್ದೇ ನಕ್ಕದ್ದು. ಬಹುಮಾನಕ್ಕೆ ಒಂದು ಪ್ಲಾಸ್ಟಿಕ್ ಬಾಲ್ದಿ ಸಿಕ್ಕಿತು. ಬರುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನಿಂದ ನನ್ನ ಕಿವಿಗೆ ಹೇಳಿದರು: "ಕಾಣಿ, ಒಬ್ಬೊಬ್ಳೇ ನಗಾಡ್ರೆ ಮರ್ಲ್ ಅಂತ್ರ್. ಹಬ್ಬದಂಗೆ ಎಷ್ಟ್ ನಗಾಡ್ರೂ ಯಾರೂ ಎಂತ ಹೇಳ್ತಿಲ್ಲ."

ಮದುವೆಯಾಗಲಿಲ್ಲ ಅವರು. ಅಪ್ಪ ದೋಣಿ ಮಗುಚಿ ಹೋದಾಗ ತಮ್ಮನಿಗೆ ಆರು ವರ್ಷ. ಅವನನ್ನು ಸಾಕಿದರು, ಓದಿಸಿದರು, ಅವನು ಬೊಂಬಾಯಿಗೆ ಹೋಗಿ ಕ್ಯಾಂಟೀನಿನಲ್ಲಿ ನಿಂತ, ಮದುವೆಯಾದ, ಅಲ್ಲೇ ಒಂದು ಬೀಡಾ ಅಂಗಡಿ ಹಾಕಿದ. ಊರಿಗೆ ಬರುವುದು ಮೂರು ವರ್ಷಕ್ಕೊಮ್ಮೆ. ಅಕ್ಕನ ಹತ್ತಿರ ಫೋನು ಇರಲಿಲ್ಲ, "ಅದನ್ ಹಿಡ್ಕಂಡ್ರೆ ಮೀನ್ ಕೊಯ್ಯುದ್ ಯಾವ ಕೈಯಂಗೆ?" ಎನ್ನುವರು. ಹಾಗಾಗಿ ತಮ್ಮನ ಮನೆಯಲ್ಲಿ ಇದ್ದದ್ದು ನನ್ನ ಮೊಬೈಲಿನ ನಂಬರು. ಪ್ರತಿ ಸೋಮವಾರ ಹಬ್ಬಗಳ ಪಟ್ಟಿ ಕೇಳಿಯಾದ ಮೇಲೆ ಅವನಿಗೆ ಫೋನು. ಹಿಂದಿನ ವಾರ ಕಂಡದ್ದೆಲ್ಲ ಒಂದೂ ಬಿಡದೆ ಹೇಳುವರು. ಹಂಗಾರಕಟ್ಟೆಯ ದೋಣಿ ಸ್ಪರ್ಧೆಯಲ್ಲಿ ಯಾರ ಹುಟ್ಟು ಮುರಿಯಿತು, ಬ್ರಹ್ಮಾವರದ ಕ್ರಿಶ್ಚಿಯನ್ ಗೆಳತಿಯ ಮನೆಯಲ್ಲಿ ಮೊಂತಿ ಹಬ್ಬಕ್ಕೆ ಹೊಸ ಅಕ್ಕಿಯ ಊಟಕ್ಕೆ ಎಷ್ಟು ಬಗೆಯ ತರಕಾರಿ, ಯಾವ ಊರಿನ ಮೊಸರು ಕುಡಿಕೆಯಲ್ಲಿ ಯಾರು ಜಾರಿದರು. ಅವರ ಬೊಬ್ಬೆಗೆ ಜೆರಾಕ್ಸಿಗೆ ಬಂದವರು ಕಿವಿ ಮುಚ್ಚಿಕೊಂಡು ನಗುತ್ತಿದ್ದರು. ಆ ಕಡೆಯಿಂದ ಅವನ ದನಿ ನನಗೂ ಕೇಳಿಸುತ್ತಿತ್ತು: "ಮತ್ತೆಂತ ಆಯ್ತ್ ಅಕ್ಕಾ? ಮತ್ತೆ?" ಅಕ್ಕ ಅಷ್ಟೊಂದು ಹಬ್ಬ ಸುತ್ತುತ್ತಿದ್ದದ್ದು ಅರ್ಧ ಆ "ಮತ್ತೆ?" ಎಂಬ ಮಾತಿಗಾಗಿ ಎಂದು ನನಗೆ ಅನುಮಾನ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಸೂತಕದ ಲೆಕ್ಕ ಸುದ್ದಿ ಕೇಳಿದಲ್ಲಿಂದ. ದೂರದಲ್ಲಿ ಯಾರೋ ಸತ್ತರೂ, ಸುದ್ದಿ ಕಿವಿಗೆ ಬೀಳುವವರೆಗೆ ಮನುಷ್ಯ ಮಡಿಯಲ್ಲೇ ಇರುತ್ತಾನೆ. ಅದಕ್ಕಾಗಿ ಶುಭಕಾರ್ಯದ ಹೊತ್ತಿಗೆ ಸಾವಿನ ಸುದ್ದಿ ಬಂದರೆ ಒಳ್ಳೆಯವರು ಅದನ್ನು ತಡೆದಿಡುತ್ತಾರೆ. ಅಕ್ಕನೇ ಒಮ್ಮೆ ಒಂದು ಮದುವೆ ಮನೆಯಲ್ಲಿ ಇದನ್ನು ಮಾಡಿದ್ದರು. ಮದುಮಗಳ ಅಜ್ಜಿ ಹೋದರು ಎಂದು ಹೇಳಲು ಓಡಿ ಬಂದವನನ್ನು ಹಿತ್ತಿಲ ಬಾಗಿಲಲ್ಲೇ ಹಿಡಿದು, "ಕಾಯಿ ಹೆರುಕೆ ಕೂರ್ಸ್ದೆ ಮಾರ್ರೆ ಅವ್ನನ್ನ. ಧಾರಿ ಮುಗಿಯು ಒಳ್ಗೆ ಅಂವ ಇಪ್ಪತ್ತ್ ಕಾಯಿ ಹೆರ್ದ" ಎಂದು ಹೊಟ್ಟೆ ಹಿಡಿದು ನಗುತ್ತ ಹೇಳಿದ್ದರು. ಕೊನೆಗೊಂದು ಮಾತು ಸೇರಿಸಿದರು: "ಕೇಂಡ್ರೆ ಸೂತ್ಕ, ಕೇಣ್ದಿದ್ರೆ ಹಬ್ಬ." ನಾನೂ ನಕ್ಕಿದ್ದೆ. ಆ ನಗುವಿಗೆ ನನ್ನ ಹಲ್ಲು ಉದುರಬೇಕಿತ್ತು.

ಅವರಿದ್ದ ಕಡಲಬದಿಯ ಸಾಲಿನಲ್ಲಿ ಇಪ್ಪತ್ತೆರಡು ಮನೆ. ಶ್ರಾವಣದ ನೂಲ ಹುಣ್ಣಿಮೆಯ ದಿನ ಸಮುದ್ರ ಪೂಜೆ. ಮೀನುಗಾರಿಕೆ ಶುರುವಾಗುವ ಮೊದಲು ಕಡಲಿಗೆ ಹಾಲೆರೆಯಬೇಕು, ಎರೆಯುವ ಚೊಂಬು ವರ್ಷಕ್ಕೊಂದು ಮನೆಗೆ ಸರದಿ. ಅಕ್ಕನ ಮನೆಗೆ ಹಿಂದಿನ ಸಲ ಸರದಿ ಬಂದಾಗ ಪೂಜೆಗೆ ಮೂರು ದಿನವಿದೆ ಎನ್ನುವಾಗ ಅವರ ಅಮ್ಮ ಹೋದರು. ಸೂತಕದ ಮನೆ, ಚೊಂಬು ಪಕ್ಕದ ಮನೆಗೆ ಹೋಯಿತು. ಆಮೇಲೆ ಇಪ್ಪತ್ತೆರಡು ವರ್ಷ ಕಾಯಬೇಕು. ಕಾದರು. ಊರೂರಿನ ಹಬ್ಬಕ್ಕೆ ಹೋಗಿ ಯಾರ್ಯಾರದೋ ಖುಷಿಗೆ ಚಪ್ಪಾಳೆ ತಟ್ಟಿದವರಿಗೆ ತಮ್ಮ ಮನೆಯ ಹಬ್ಬವೊಂದು ಬರಲು ಅಷ್ಟು ವರ್ಷ ಬೇಕಾಯಿತು.

ನಾಲ್ಕು ವರ್ಷದ ಹಿಂದೆ ಆ ಸರದಿ ಬಂತು. ಸಮಿತಿಯವರು ಆಮಂತ್ರಣ ಅಚ್ಚು ಹಾಕಲು ಕೊಟ್ಟರು. "ಹಾಲೆರೆಯುವವರು" ಎಂದು ಬರೆದು ಅಕ್ಕನ ಹೆಸರು ಹಾಕಿದೆ, ದೇವರ ಹೆಸರಿಗಿಂತ ಒಂದೇ ಅಳತೆ ಸಣ್ಣದು. ಮೊದಲ ಪ್ರತಿಯನ್ನು ಅವರ ಕೈಗೆ ಕೊಟ್ಟರೆ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಸೋಮವಾರದ ಫೋನಿನಲ್ಲಿ ತಮ್ಮನಿಗೆ ಅದನ್ನೂ ಓದಿ ಹೇಳಿದರು. ಅವನು ಬರಲಾಗುವುದಿಲ್ಲ ಎಂದ, ಅಂಗಡಿ ನೋಡಿಕೊಳ್ಳುವವರಿಲ್ಲ. "ಹಾಲ್ ಎರಿಯತ್ತಿಗೆ ಫೋನ್ ಮಾಡ್ ಅಕ್ಕಾ. ಕಡ್ಲ್ ಶಬ್ದ ಆರೂ ಕೇಂತೆ" ಎಂದ. ಫೋನು ಹಿಡಿಯುವ ಕೆಲಸ ನನಗೆ ಬಂತು.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬೊಂಬಾಯಿಯಿಂದ ಫೋನು. ತಮ್ಮನ ಹೆಂಡತಿ. ಅಂಗಡಿಯ ಬಾಗಿಲು ತೆರೆಯುವಾಗ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲವಂತೆ. "ಅಕ್ಕಂಗೆ ಹೇಳಿ ಅಣ್ಣಾ. ಮಧ್ಯಾಹ್ನದ್ ರೈಲಿಗ್ ಹೊರ್ಟ್ರೆ ಬೆಳಿಗ್ಗೆ ಮುಟ್ಟುಕಾತ್ತ್. ನಾಳೆ ಮಧ್ಯಾಹ್ನದ್ ವರೆಗೆ ಇಡ್ತೊ." ನಾನು "ಹೇಳ್ತೆ" ಎಂದೆ.

ಆ ಹೊತ್ತಿಗೆ ಸಮಿತಿಯ ಕಾರ್ಯದರ್ಶಿ ಉಳಿದ ಕರಪತ್ರ ಒಯ್ಯಲು ಬಂದಿದ್ದರು. ಅವರಿಗೆ ಹೇಳಿದೆ. ಅವರು ತಲೆಗೆ ಕೈ ಕೊಟ್ಟು ಕೂತರು. ಆಮೇಲೆ ಕರಪತ್ರದ ಕಟ್ಟು ಎತ್ತಿಕೊಳ್ಳುತ್ತ, "ಕೇಂಡದ್ ನೀವ್. ಅವ್ರ್ ಕೇಣ್ಲಿಲ್ಲಲೆ. ನಾಳೆ ಒಂಬತ್ತ್ ಗಂಟಿ ಕಳಿಲಿ. ಮತ್ ಇಪ್ಪತ್ತೆರ್ಡ್ ವರ್ಷ ಅವ್ರ್ ಬದ್ಕಂಡ್ ಇರ್ತ್ರಾ?" ಎಂದರು. ತಪ್ಪನ್ನು ಅವರ ಮೇಲೆ ಹೊರಿಸುವುದಿಲ್ಲ. ಅವರು ಹೇಳಿದ್ದು ಊರಿನ ಮಾತು, ಬಾಯಿ ಮುಚ್ಚಿಕೊಂಡದ್ದು ನಾನು. ಒಬ್ಬ ಸತ್ತಾಗಿದೆ, ಇದ್ದವರ ಒಂದು ಆಸೆಯಾದರೂ ನಡೆಯಲಿ ಎಂದು ನನ್ನಷ್ಟಕ್ಕೆ ದೊಡ್ಡ ಮನುಷ್ಯನ ಹಾಗೆ ಯೋಚಿಸಿದೆ. ದೊಡ್ಡ ಮನುಷ್ಯ! ಥತ್.

ಒಂದು ಗಂಟೆಗೆ ಅಕ್ಕ ಬಂದರು. ಹೊಸ ಸೀರೆ ತೆಗೆದುಕೊಂಡಿದ್ದರು, ಪೊಟ್ಟಣ ಬಿಚ್ಚಿ ತೋರಿಸಿದರು. ಹಸಿರು, ಕೆಂಪು ಅಂಚು. "ತಮ್ಮ ಫೋನ್ ಮಾಡಿದ್ನಾ?" ಎಂದು ಕೇಳಿದರು. ಇಲ್ಲ ಎಂದೆ. "ಅಂಗ್ಡಿ ಬಿಜಿ ಆಯ್ಕ್" ಎಂದು ಅವರೇ ಸಮಾಧಾನ ಹೇಳಿಕೊಂಡು ಹೋದರು. ಆಗಿನ್ನೂ ರೈಲಿಗೆ ಎರಡು ಗಂಟೆ ಹೊತ್ತಿತ್ತು. ಸಂಜೆ ಬೊಂಬಾಯಿಯ ನಂಬರು ಮತ್ತೆ ಎರಡು ಸಲ ಬಂತು. ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಭಜನಾ ಮಂದಿರದಿಂದ ಮೆರವಣಿಗೆ. ಮಳೆ ಬಿಟ್ಟಿತ್ತು. ದೋಣಿಗಳಿಗೆಲ್ಲ ಹೂವಿನ ಮಾಲೆ, ಚೆಂಡೆ, ತಾಳ, ಮಕ್ಕಳ ಗಲಾಟೆ. ಅಕ್ಕ ಹಸಿರು ಸೀರೆಯುಟ್ಟು, ತಾಮ್ರದ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ. ಯಾವತ್ತೂ ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುವವರು ಅವತ್ತು ಚೊಂಬಿನ ಹಾಲನ್ನೇ ನೋಡುತ್ತ ನಡೆದರು. ನೀರಿಗಿಳಿದರು. ಮೊದಲ ಅಲೆ ಮೊಣಕಾಲಿಗೆ, ಎರಡನೆಯದು ಸೊಂಟಕ್ಕೆ. ಜನ "ಗೋವಿಂದಾ" ಎಂದರು. ಹಾಲು ಬಿತ್ತು. ಆ ಹೆಂಗಸಿನ ಮುಖದಲ್ಲಿ ಅಷ್ಟು ಸಂತೋಷ ನಾನು ಬಿಜೂರಿನ ಗದ್ದೆಯಲ್ಲೂ ಕಂಡಿರಲಿಲ್ಲ. ಅದನ್ನು ನೋಡಿ, ದೇವರಾಣೆ, ನಾನು ಮಾಡಿದ್ದು ಸರಿ ಎಂದು ಒಂದು ಗಳಿಗೆ ಅನಿಸಿತು.

ಆಗ ಅವರು ನನ್ನ ಕಡೆ ತಿರುಗಿದರು. "ಪ್ರೆಸ್ಸಿನವ್ರೆ, ಫೋನ್! ಫೋನ್ ಮಾಡಿ, ಅಂವ ಕಾದ್ಕಂಡ್ ಇರ್ತ!"

ಮರೆತಿದ್ದೆ. ನಿಜವಾಗಿ ಮರೆತಿದ್ದೆ. ನೆಟ್‌ವರ್ಕ್ ಇಲ್ಲ ಎನ್ನಬಹುದಿತ್ತು. ಬ್ಯಾಟರಿ ಮುಗಿದಿದೆ ಎನ್ನಬಹುದಿತ್ತು. ಗಾಬರಿಯಲ್ಲಿ ಮೊಬೈಲು ತೆಗೆದು ಏನೋ ಒತ್ತಿದ ಹಾಗೆ ಮಾಡಿ, ನೀರಿಗಿಳಿದು ಅವರ ಮುಖದ ಹತ್ತಿರ ಹಿಡಿದೆ.

"ತಮ್ಮಾ! ಎರ್ದೆ ಕಾಣ್! ಕಡ್ಲ್ ಕೇಣತ್ತಾ? ಕೇಣತ್ತಾ ನಿಂಗೆ?" ಎಂದು ಕೂಗಿದರು. ಒಂದು ಗಳಿಗೆ ಕಾದು ನನ್ನನ್ನು ನೋಡಿದರು. "ಮಾತಾಡ್ತಿಲ್ಯಲೆ?"

"ಅವ್ನಿಗೆ ಕೇಣತ್ತ್ ಅಕ್ಕಾ. ನಮ್ಗೆ ಶಬ್ದಕ್ಕೆ ಕೇಣ್ತಿಲ್ಲ. ನೀವ್ ಹೇಳಿ."

ಅವರು ಹೇಳಿದರು. ಸೀರೆಯ ಬಣ್ಣ ಹೇಳಿದರು, ಎಷ್ಟು ದೋಣಿ ಬಂದಿದೆ ಹೇಳಿದರು, ಅಮ್ಮ ಇದ್ದಿದ್ದರೆ ಎಂದು ಏನೋ ಹೇಳಲು ಹೋಗಿ ಮತ್ತೆ ದೋಣಿಗಳ ಲೆಕ್ಕಕ್ಕೆ ಬಂದರು. ಸತ್ತು ಒಂದು ದಿನವಾದವನಿಗೆ, ಕತ್ತಲಾದ ಮೊಬೈಲಿನಲ್ಲಿ, ಅಷ್ಟನ್ನೂ ಹೇಳಿದರು. ನಾನು ಕೈ ಚಾಚಿ ಹಿಡಿದುಕೊಂಡೇ ನಿಂತಿದ್ದೆ.

ಅವಲಕ್ಕಿ ಪ್ರಸಾದ ತಿಂದು ಮುಗಿಯಲಿ ಎಂದು ಮತ್ತೂ ಕಾಲು ಗಂಟೆ ತಡೆದೆ. ಆಮೇಲೆ ಭಜನಾ ಮಂದಿರದ ಹಿಂದೆ ಕರೆದು ಹೇಳಿದೆ. ಅಳುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅಕ್ಕ ನನ್ನ ಮುಖವನ್ನೇ ನೋಡುತ್ತ ಕೇಳಿದರು.

"ಎಷ್ಟೊತ್ತಿಗ್ ಫೋನ್ ಬಂದದ್?"

"ನಿನ್ನೆ ಹತ್ತ್ ಗಂಟಿಗೆ."

"ರೈಲಿಗ್ ಹೊತ್ತಿತ್ತಲೆ."

"ಇತ್ತ್."

"ಹಂಗಾರೆ ಈಗ ಫೋನಂಗೆ ನಾ ಮಾತಾಡದ್ ಯಾರ್ ಹತ್ರ?"

ಕೇಳಿದವರೇ ತಿರುಗಿದರು. ಹೋಗಿ ಬಾವಿಯಿಂದ ನೀರು ಸೇದಿ ಉಟ್ಟ ಸೀರೆಯಲ್ಲೇ ತಲೆಗೆ ಹೊಯ್ದುಕೊಂಡರು. ಕೇಳಿದ ಮೇಲೆ ಮೀಯಬೇಕಲ್ಲ. ಹಸಿರು ಸೀರೆ ನೀರು ಸುರಿಸುತ್ತ ಮನೆಗೆ ನಡೆದರು. ಬೊಂಬಾಯಿಯಲ್ಲಿ ಅವರು ಹೇಳಿದ ಹಾಗೆ ಮಧ್ಯಾಹ್ನದವರೆಗೆ ಇಟ್ಟುಕೊಂಡು ಕಾದರಂತೆ. ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ತಮ್ಮನ ಹೆಂಡತಿಗೆ ಫೋನು ಮಾಡಿ ನಡೆದದ್ದನ್ನು ಒಪ್ಪಿಕೊಂಡೆ. ಆಕೆ ಅತ್ತಳು, ಆಮೇಲೆ "ಇರ್ಲಿ ಅಣ್ಣಾ, ಪೂಜಿ ಅಲ್ದಾ" ಎಂದಳು. ಊರಿನವರೂ ಅದನ್ನೇ ಹೇಳಿದರು. ಕಾರ್ಯದರ್ಶಿಯಂತೂ, ಆ ವರ್ಷ ಬೈಗೆ ಮೀನು ರಾಶಿ ರಾಶಿ ಬಿತ್ತು, ಹಾಲು ಕಡಲಿಗೆ ಮುಟ್ಟಿತು ಎಂದು ಎದೆ ತಟ್ಟಿ ಹೇಳುತ್ತಿದ್ದರು. ನನ್ನನ್ನು ಬೈಯಬೇಕಾದವರು ಒಬ್ಬರೂ ಬೈಯಲಿಲ್ಲ.

ಅಕ್ಕನೂ ಬೈಯಲಿಲ್ಲ. ಸೂತಕ ಕಳೆದು ಮತ್ತೆ ಛತ್ರಿಯಡಿ ಬಂದು ಕೂತರು. ಹೋದರೆ ಮೊದಲಿನ ಹಾಗೇ ಮೀನಿನ ಮೇಲೆ ನಾಲ್ಕು ಜಾಸ್ತಿ ಹಾಕಿ ಕೊಡುತ್ತಿದ್ದರು. ಸೋಮವಾರ ಮಾತ್ರ ಮೆಟ್ಟಿಲು ಹತ್ತಲಿಲ್ಲ. ನಾನೇ ಆಮಂತ್ರಣಗಳನ್ನು ಹಿಡಿದು ರಸ್ತೆ ದಾಟಿ ಹೋದೆ. ಕೆಸರುಗದ್ದೆ ಇದೆ, ಬರುತ್ತೀರಾ? "ನಂಗೆ ಸೂತ್ಕ ಇತ್ತ್." ದೀಪಾವಳಿಗೆ ಕರೆದೆ, ಮರುವರ್ಷ ಆಸಾಡಿಗೆ ಕರೆದೆ. "ಸೂತ್ಕ ಇತ್ತ್ ಮಾರ್ರೆ." ಮೂರನೆಯ ವರ್ಷ ನನಗೆ ತಡೆಯಲಿಲ್ಲ. ಹನ್ನೊಂದು ದಿನ ಮುಗಿದು ಎಷ್ಟು ಕಾಲವಾಯಿತು ಅಕ್ಕ, ಇದೇನು ನೀವು ಎಂದು ರೇಗಿದೆ.

ಅವರು ಮೀನಿನ ಮೇಲೆ ನೀರು ಚಿಮುಕಿಸುತ್ತ ಹೇಳಿದರು: "ಕೇಂಡಲ್ಲಿಂದ್ ಹನ್ನೊಂದ್ ದಿನ ಅಂದ್ರ್, ಕೂಕಂಡೆ. ಕೇಂಬುಕ್ ಮುಂಚೆ ಒಂದ್ ದಿನ ಇತ್ತಲೆ, ಅಂವ ಅಲ್ ಮನಿಕಂಡದ್, ನಾ ಇಲ್ ಹಾಲ್ ಎರ್ದದ್? ಆ ದಿನದ್ದ್ ಎಷ್ಟ್ ದಿನಕ್ಕ್ ಕಳೀತ್ ಅಂದೇಳಿ ಯಾರೂ ಹೇಳ್ಲಿಲ್ಲ."

ಅಲ್ಲಿಗೆ ನಾನು ಕರೆಯುವುದನ್ನು ಬಿಟ್ಟೆ. ನಾನೂ ಎಲ್ಲಿಗೂ ಹೋಗುವುದಿಲ್ಲ ಈಗ. ಕಾಗದ ಬರುತ್ತದೆ, ಅಚ್ಚು ಹಾಕುತ್ತೇನೆ, ಕಟ್ಟು ಕಟ್ಟಿ ಕೊಡುತ್ತೇನೆ.

ಮೊನ್ನೆ ಚೌತಿಯ ಬೆಳಿಗ್ಗೆ ಪಕ್ಕದ ಮನೆಯವರು ಕರೆದರು. ಅಕ್ಕ ಚಾಪೆಯ ಮೇಲೇ ತಣ್ಣಗಾಗಿದ್ದರು. ಅಂಗಳದಲ್ಲಿ ನಾಲ್ಕೈದು ಜನ, ಎಲ್ಲರಿಗೂ ಗಣಪತಿ ಪೂಜೆಯ ಅವಸರ. "ಬೊಂಬಾಯಿಗ್ ಈಗ್ಲೇ ಹೇಳುದ್ ಬ್ಯಾಡ, ಚೌತಿ ಅಲ್ದಾ" ಎಂದರು ಒಬ್ಬರು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಂದು ಸಲ ಆ ಪಾಪಕ್ಕೆ ನಾನಿಲ್ಲ ಎಂದು ಅಲ್ಲೇ ನಿಂತು ಫೋನು ಮಾಡಿದೆ. ತಮ್ಮನ ಹೆಂಡತಿ ಎತ್ತಿದಳು. ಹಿಂದೆ ಜಾಗಟೆ, ಆರತಿಯ ಹಾಡು. ಅಕ್ಕ ಹೋದರು, ಮಗನನ್ನು ಕಳಿಸು, ನಾಳೆಯವರೆಗೆ ಕಾಯುತ್ತೇವೆ ಎಂದೆ.

ಆರತಿಯ ಹಾಡು ಸಣ್ಣದಾಯಿತು, ಆಕೆ ಬೇರೆ ಕೋಣೆಗೆ ಹೋಗಿರಬೇಕು. ಆಮೇಲೆ ಆಕೆ ದನಿ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದವಳ ಹಾಗೆ ಹೇಳಿದಳು.

"ಎಂತ ಅಣ್ಣಾ ನೀವ್, ಎಲ್ಲ ಗೊತ್ತಿಪ್ಪವ್ರ್. ಮನಿಯಂಗೆ ಗಣಪತಿ ಕೂಕಂಡಿತ್ತ್, ಮಗ ಈಗಷ್ಟೇ ಪೂಜಿಗ್ ಕೂತ. ಅವ್ನಿಗೆ ಮದಿ ಆದ್ಮೇಲೆ ಮೊದ್ಲನೇ ಚೌತಿ. ಐದ್ ದಿನ ಕಳ್ದ್ ಮೇಲ್ ಹೇಳುಕಾತಿತ್ತಿಲ್ಯಾ?" ಮತ್ತೆ ಹೇಳಿದಳು. "ನೀವ್ ಹೇಳ್ಲಿಲ್ಲ, ನಾ ಕೇಣ್ಲಿಲ್ಲ. ಪುಣ್ಯ ಕಟ್ಕಣಿ, ಫೋನ್ ಇಡಿ ಅಣ್ಣಾ."

ಇಟ್ಟೆ. ಮಧ್ಯಾಹ್ನ ಮೂರು ಗಂಟೆಗೆ ಬೆಂಕಿ ನಾನು ಕೊಟ್ಟೆ.